ಮುನವ್ವರ್ ಬೀ ಕೇಳುತ್ತಿದ್ದ ಪ್ರಶ್ನೆ

ಚಪ್ಪಲಿ ಬಿಡಲು ಜಾಗ ಸಿಗದೆ ವಿಜಯಾಬಾಯಿ ಅವನ್ನು ಕೈಯಲ್ಲೇ ಹಿಡಿದುಕೊಂಡು ಗೋಡೆಗುಂಟ ಸರಿಯುತ್ತಿದ್ದಳು. ರಾಯಚೂರು ಕೋಟೆಯ ಪಕ್ಕದ ಆ ಸಣ್ಣ ಓಣಿಯ ತುಂಬ ಜನ. ಬೆಳಿಗ್ಗೆ ಮಾನ್ವಿಯ ಶಾಲೆಗೆ ಫೋನು ಬಂದು, ರಜೆ ಚೀಟಿ ಬರೆದಿಟ್ಟು ಬಸ್ಸು ಹತ್ತಿದಾಗ, ಮನೆಮಂದಿ ನೆರೆಹೊರೆ ಎಲ್ಲ ಸೇರಿ ಇಪ್ಪತ್ತು ಜನ ಇದ್ದಾರು ಎಂದುಕೊಂಡಿದ್ದಳು. ಸತ್ತವಳು ಊರಿನ ಕಲಾ ಸಂಗ್ರಹಾಲಯದಲ್ಲಿ ಕಸ ಗುಡಿಸುತ್ತಿದ್ದ ಮುನವ್ವರ್ ಬೀ. ಇಲ್ಲಿ ನೋಡಿದರೆ ಬುರ್ಖಾದವರ ನಡುವೆ ಇಳಕಲ್ ಸೀರೆಯವರು, ಹೆಗಲ ಮೇಲೆ ಗೋಣಿಚೀಲ ಮಡಿಸಿ ಹಾಕಿಕೊಂಡ ಹಮಾಲರು, ಶಾಲೆಯ ಹುಡುಗಿಯರ ಒಂದು ಗುಂಪು. ಇಷ್ಟು ಜನ ಎಲ್ಲಿಂದ ಬಂದರು?

ಮುನವ್ವರ್ ಬೀಯ ಮಗಳು ಹಸೀನಾ ಬೇಗಂ ಬಾಗಿಲಲ್ಲೇ ಗುರುತು ಹಿಡಿದಳು. ಅತ್ತು ಅತ್ತು ಅವಳ ದನಿ ಒಡೆದಿತ್ತು.

"ಬರ್ರಿ ಬಾಯಾರ. ಒಳಗ ಅಮ್ಮೀಗೆ ಸ್ನಾನ ಮಾಡಸಾಕತ್ತಾರ. ಮುಗದಮ್ಯಾಲ ಮುಖಾ ನೋಡೀರಂತ, ಜರಾ ಕೂಡ್ರಿ."

ಅಂಗಳದ ಚಾಪೆಯ ತುದಿಯಲ್ಲಿ ವಿಜಯಾಬಾಯಿ ಕೂತಳು. ಪಕ್ಕದಲ್ಲಿದ್ದ ಮುದುಕಿ ತನ್ನ ಹೆಸರು ಇಮಾಮ್ ಬೀ ಎಂದೂ, ಊರು ದೇವದುರ್ಗದ ಕಡೆಯ ಗೂಗಲ್ ಎಂದೂ, ಬಳೆ ಮಾರುತ್ತೇನೆಂದೂ ಕೇಳುವ ಮೊದಲೇ ಹೇಳಿದಳು. ಎರಡು ದಿನದ ಹಿಂದೆ ದವಾಖಾನೆಗೆ ನೋಡಲು ಬಂದವಳು ಊರಿಗೆ ಹೋಗಿರಲಿಲ್ಲ.

"ನಿಮಗ ಏನಾಗಬೇಕು ಮುನವ್ವರ್ ಬೀ?"

"ಏನೂ ಆಗಬೇಕಾಗಿಲ್ರಿ. ಮಾಲು ತರಾಕ ಬಂದಾಗ ಒಮ್ಮಿ ಬಿಸಿಲಿಗೆ ಆಕಿ ಕಸಾ ಹೊಡಿತಿದ್ದ ಗೊಂಬಿ ಮನಿ ಮುಂದ ನಿಂತಿದ್ದೆ. ಆಕಿ ನನಗ ಒಂದು ಮಾತು ಕೇಳಿದ್ಲು. ಒಳಗ ಕಲ್ಲಿನಾಕಿ ಒಬ್ಬಾಕಿ ನಿಂತಾಳ, ಆಕಿ ಕೈಯಾಗ ಏನಿತ್ತು ಅಂತ. ಐದು ವರ್ಷ ಆತು."

"ಐದು ವರ್ಷ?"

"ಹೌದ್ರಿ. ನನ್ನ ಮೊಮ್ಮಗಳು ಹುಟ್ಟಿದ ವರ್ಷ."

ವಿಜಯಾಬಾಯಿ ಮುದುಕಿಯ ಮುಖವನ್ನೇ ನೋಡಿದಳು. ಲೆಕ್ಕ ಹೊಂದುತ್ತಿರಲಿಲ್ಲ. ಆ ಪ್ರಶ್ನೆ ನಿಂತು ಎಂಟು ವರ್ಷವಾಗಿತ್ತು. ನಿಲ್ಲಿಸಿದ್ದು ತಾನೇ.

*

ಎಪ್ಪತ್ತಾರನೇ ಇಸವಿಯಲ್ಲಿ ಸಂಗ್ರಹಾಲಯದ ಕಮಿಟಿಯವರು ಜನರಿಗೆ ಕಲೆಯ ತಿಳಿವಳಿಕೆ ಕೊಡಲೆಂದು ವಿಜಯಾಬಾಯಿಯನ್ನು ನೇಮಿಸಿಕೊಂಡಿದ್ದರು. ಆಗ ಅವಳಿಗೆ ಇಪ್ಪತ್ತನಾಲ್ಕು. ಮೈಸೂರಿನಲ್ಲಿ ಓದಿ ಬಂದಿದ್ದಳು. ಕರಪತ್ರ ಅಚ್ಚು ಹಾಕಿಸಿದಳು, ನಲವತ್ತು ಕುರ್ಚಿ ಬಾಡಿಗೆಗೆ ತರಿಸಿದಳು, ಗೋಡೆಗೆ ಬಿಳಿ ಪಂಚೆ ಕಟ್ಟಿ ಚಿತ್ರ ತೋರಿಸುತ್ತ ಉಪನ್ಯಾಸ ಮಾಡಿದಳು. ಮೊದಲ ವಾರ ಒಂಬತ್ತು ಜನ ಬಂದರು. ಮೂರನೆಯ ವಾರ ಕುರ್ಚಿ ಒಯ್ಯಲು ಬಂದವನೊಬ್ಬನೇ ಕೂತು ಕೇಳಿದ.

ಬರುತ್ತಿದ್ದವರೆಂದರೆ ಸಂತೆಯ ಹೆಂಗಸರು, ಅದೂ ಮಡಕೆಯ ತಣ್ಣೀರು ಕುಡಿಯಲು. ಮಡಕೆಯ ಪಕ್ಕದಲ್ಲೇ ಆಳೆತ್ತರದ ಕಲ್ಲಿನ ಹೆಣ್ಣೊಬ್ಬಳು ನಿಂತಿದ್ದಳು. ಹೊಲ ಉಳುವಾಗ ಸಿಕ್ಕವಳು, ಎರಡೂ ಕೈ ಮೊಣಕೈಯ ಕೆಳಗೆ ಮುರಿದಿದ್ದವು. "ಇದು ಹನ್ನೊಂದನೇ ಶತಮಾನದ್ದು" ಎಂದು ವಿಜಯಾಬಾಯಿ ಶುರು ಮಾಡಿದರೆ ಹೆಂಗಸರು ಬಾಯಿ ಒರೆಸಿಕೊಂಡು "ಹೌದೇನ್ರಿ" ಎಂದು ಹೊರಟುಬಿಡುತ್ತಿದ್ದರು.

ಒಂದು ಮಧ್ಯಾಹ್ನ ಅವಳು ಕೋಣೆಯೊಳಗೆ ಬರೆಯುತ್ತ ಕೂತಿದ್ದಾಗ ಹೊರಗೆ ಜಗಳದಂಥ ಸದ್ದು ಕೇಳಿತು. ಬಂದು ನೋಡಿದರೆ ಜಗಳವಲ್ಲ. ನಾಲ್ಕು ಹೆಂಗಸರು ಕಲ್ಲಿನವಳ ಸುತ್ತ ತಿರುಗುತ್ತಿದ್ದರು. ಮುನವ್ವರ್ ಬೀ ಕಸಬರಿಗೆ ಊರಿ ನಿಂತಿದ್ದಳು.

"ಬಿಂದಿಗಿ ಅಲ್ಲಬೇ, ಬಿಂದಿಗಿ ಇದ್ರ ಸೊಂಟ ಈ ಕಡೆ ವಾಲತಿತ್ತು," ಎಂದಳು ಒಬ್ಬಳು.

"ಮತ್ತ ಕೂಸು?"

"ಕೂಸಿದ್ರ ಮುಖಾ ಕೆಳಗ ನೋಡ್ತಿತ್ತಿಲ್ಲೋ? ಈಕಿ ದೂರ ನೋಡಾಕತ್ಯಾಳ."

"ಕೈ ಮುರದಾವ, ಹೆಗಲ ಮುರದಿಲ್ಲ," ಎಂದಳು ಮುನವ್ವರ್ ಬೀ. "ಹೆಗಲ ನೋಡಿ ಹೇಳ್ರಿ."

ಆ ಹೆಂಗಸರು ಒಂದು ತಾಸು ಹೋಗಲಿಲ್ಲ. ನೀರು ಕುಡಿಯುವುದನ್ನೂ ಮರೆತರು.

ಆಮೇಲೆ ಗುರುವಾರಗಳು ಶುರುವಾದವು. ವಿಜಯಾಬಾಯಿ ಕುಂಬಾರರ ಮಣ್ಣು ತರಿಸಿದಳು. ಬಂದವರು ಕಲ್ಲಿನವಳಿಗೆ ತಮಗೆ ತೋಚಿದ ಕೈ ಮಾಡಿ ಅದರಲ್ಲಿ ತಮಗೆ ತೋಚಿದ್ದನ್ನು ಇಟ್ಟರು. ಜಿನ್ನಿಂಗ್ ಮಿಲ್ಲಿನ ಹೆಣ್ಣಾಳೊಬ್ಬಳು ಹಿಡಿ ಹತ್ತಿ ಇಟ್ಟಳು. ಶಾಲೆಯ ಹುಡುಗಿಯೊಬ್ಬಳು ಪಾಟಿ ಇಟ್ಟಳು. ಸೂಲಗಿತ್ತಿಯೊಬ್ಬಳು ಬರೀ ಮುಷ್ಟಿ ಮಾಡಿ, ಅದರಲ್ಲಿ ಏನಿದೆಯೆಂದು ಹೇಳಲು ಒಪ್ಪಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಐವತ್ತರ ಮೇಲೆ ಮಣ್ಣಿನ ಕೈಗಳು ಒಣಗುತ್ತಿದ್ದವು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಕಮಿಟಿಯ ಅಧ್ಯಕ್ಷರು ಅದನ್ನು ಕಂಡರು.

"ಶಾಸ್ತ್ರದೊಳಗ ಕನ್ನಡಿ ಅಂತ ಸ್ಪಷ್ಟ ಅದ," ಎಂದರು ಅವರು. "ಕಸಾ ಹೊಡಿಯಾಕಿ ಜನಕ್ಕ ಪಾಟಿ, ಹತ್ತಿ ಅಂತ ಕಲಸೂದಂದ್ರ ಏನು? ದರ್ಪಣ ಸುಂದರಿ ಅಂತ ಫಲಕ ಹಾಕಸ್ತೀನಿ. ಆಕಿಗೆ ಬಾಯಿ ಮುಚ್ಚಿಕೊಂಡು ಇರು ಅಂತ ನೀವ ಹೇಳ್ರಿ."

ಆಕೆ ಕಲಿಸುವುದಿಲ್ಲ, ಕೇಳುತ್ತಾಳೆ ಅಷ್ಟೇ ಎಂದು ವಿಜಯಾಬಾಯಿ ಹೇಳಬಹುದಿತ್ತು. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. "ಆಯ್ತು ಸರ್" ಎಂದಳು.

ಮುನವ್ವರ್ ಬೀ ನೆಲ ಒರೆಸುತ್ತಿದ್ದಳು.

"ಇನ್ನ ಮ್ಯಾಲ ನೀವು ಒಳಗ ಯಾರ ಜೋಡೀನೂ ಮಾತಾಡಬ್ಯಾಡ್ರಿ, ಮುನವ್ವರ್ ಬೀ. ಕೆಲಸ ಅಷ್ಟ ನೋಡ್ಕೋರಿ."

ಮುನವ್ವರ್ ಬೀ ಒದ್ದೆ ಬಟ್ಟೆ ಹಿಂಡಿದಳು.

"ಒಳಗ ಮಾತಾಡಬಾರದು," ಎಂದಳು. "ಹೌ ಬಾಯಿ."

ಎರಡು ತಿಂಗಳಿಗೆ ವಿಜಯಾಬಾಯಿಗೆ ಮಾನ್ವಿಯಲ್ಲಿ ಶಾಲೆಯ ನೌಕರಿ ಸಿಕ್ಕಿತು. ಆಮೇಲೆ ಅವಳು ಆ ಕಟ್ಟಡದ ಮುಂದೆ ಹಾಯ್ದು ಹೋದರೂ ತಲೆ ಎತ್ತಿ ನೋಡುತ್ತಿರಲಿಲ್ಲ.

*

"ಆಕಿ ಒಳಗ ಮಾತಾಡ್ತಿದ್ಲಾ?" ಎಂದು ವಿಜಯಾಬಾಯಿ ಇಮಾಮ್ ಬೀಯನ್ನು ಕೇಳಿದಳು.

ಉತ್ತರ ಬಂದದ್ದು ಗೋಡೆಗೆ ಆತು ನಿಂತಿದ್ದ ಹಮಾಲನಿಂದ. ಅವನು ಹುಲಿಗೆಪ್ಪ, ಕಲ್ಮಲದವನು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ.

"ಒಳಗ ಎಲ್ಲಿ ಮಾತಾಡ್ತಾಳ್ರಿ ಅಕ್ಕಾರ? ಒಳಗ ಮಾತಾಡಬಾರದಂತ ಹುಕುಂ ಆಗಿತ್ತಂತ. ಕಸಾ ಮುಗಿಸಿ ಬಂದು ಹೊರಗ ಮೆಟ್ಲ ಮ್ಯಾಲ ಕುಂದರತಿದ್ಲು. ಹೋಗೋರನ್ನ ಬರೋರನ್ನ ಕರದು, ಒಳಗ ಹೋಗಿ ಆಕಿನ್ನ ನೋಡಿ ಬಾ, ಬಂದು ನನಗ ಹೇಳು ಅಂತಿದ್ಲು. ಹೇಳಿದ್ವಿ ಅನ್ರಿ, ಎಡಗಾಲ ನೋಡಿದೇನು, ಅಂತಿದ್ಲು. ಮತ್ತ ಒಳಗ ಹೋಗಬೇಕು. ನನ್ನ ನಾಕು ಸರ್ತಿ ಕಳಿಸ್ಯಾಳ."

"ನೀವು ಏನಂದ್ರಿ?"

"ಕೈಯಾಗ ಏನೂ ಇದ್ದಿಲ್ಲ ಅಂದೆ. ಭಾರ ಇಳಿಸಿ ಈಗಷ್ಟ ನಿಂತಾಳ. ಮೂಟಿ ಇಳಿಸಿದ ಗಳಿಗ್ಯಾಗ ಹೆಗಲ ಹಂಗ ಮ್ಯಾಲ ಬರ್ತದ, ಅದು ಹೊತ್ತೋರಿಗೆ ಗೊತ್ತು."

"ಅಲ್ಲಪಾ," ಎಂದಳು ಇಮಾಮ್ ಬೀ. "ಬಳಿ ಇಡಿಸ್ಕೊಳ್ಳಾಕ ಕೈ ಚಾಚ್ಯಾಳ. ನೋವಾಗಬಾರದಂತ ಮುಖಾ ಆ ಕಡಿ ಮಾಡ್ಯಾಳ. ನಾ ದಿನಾ ನೋಡ್ತೀನಿ."

ಚಾಪೆಯ ಮೇಲಿದ್ದ ಇನ್ನಿಬ್ಬರು ಇತ್ತ ತಿರುಗಿದರು. ತಮ್ಮ ತಮ್ಮ ಉತ್ತರ ಹೇಳಿದರು. ಸಾವಿನ ಮನೆಯಲ್ಲಿ ದನಿ ಏರುತ್ತಿದೆ ಎಂದು ಯಾರೋ ಸುಮ್ಮನಾಗಿಸಿದರು. ವಿಜಯಾಬಾಯಿ ಕೆಳಗೆ ನೋಡುತ್ತ ಕೇಳಿದಳು:

"ಹುಕುಂ ಮಾಡಿದೋರು ಯಾರಂತ ಹೇಳಿದ್ಲೇನ್ರಿ?"

"ಕೇಳೀನ್ರಿ. ಯಾರೋ ಪಾಪ, ನೌಕರಿ ಮಾಡೋರು, ಅಂದ್ಲು," ಎಂದ ಹುಲಿಗೆಪ್ಪ.

ಅಷ್ಟರಲ್ಲಿ ಹಸೀನಾ ಬೇಗಂ ಬಂದು ಹೆಂಗಸರನ್ನು ಒಳಗೆ ಕರೆದಳು. ಬಿಳಿ ಬಟ್ಟೆಯ ನಡುವೆ ಮುನವ್ವರ್ ಬೀಯ ಮುಖ ಸಣ್ಣದಾಗಿತ್ತು. ಕೋಣೆಯಲ್ಲಿ ಕರ್ಪೂರದ ವಾಸನೆ. ಏನಾದರೂ ಹೇಳಬೇಕೆಂದು ವಿಜಯಾಬಾಯಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದ್ದಳು. ಈಗ ಬಾಯಿಗೆ ಬಂದದ್ದು ಬೇರೆಯೇ.

"ಆಕಿ ತಾನು ಏನಂತಿದ್ಲು, ಹಸೀನಾ? ಕಲ್ಲಿನಾಕಿ ಕೈಯಾಗ ಏನಿತ್ತಂತ?"

ಹಸೀನಾ ಕಣ್ಣೊರೆಸಿಕೊಂಡಳು. "ನಾನೂ ಭಾಳ ಕಾಡೀನಿ ಬಾಯಾರ. ನಿನ್ನಿ ದವಾಖಾನ್ಯಾಗೂ ಕೇಳಿದೆ. ನಾ ಹೇಳಿದೆ ಅಂದ್ರ ನೀವು ನೋಡೂದು ಬಿಡ್ತೀರಿ, ಅಂದ್ಲು."

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಗಂಡಸರು ಜನಾಜಾ ಎತ್ತಿದರು. ಹುಲಿಗೆಪ್ಪ ಗೋಣಿಚೀಲವನ್ನು ಬಾಗಿಲ ಪಕ್ಕಕ್ಕೆ ಇಟ್ಟು ಹೆಗಲು ಕೊಡಲು ಮುಂದೆ ಹೋದ. ಹೆಂಗಸರು ಓಣಿಯ ತಿರುವಿನವರೆಗೆ ನೋಡುತ್ತ ನಿಂತು ಒಳಗೆ ಹೋದರು.

*

ಬಸ್‌ಸ್ಟ್ಯಾಂಡಿಗೆ ಹೊರಟ ವಿಜಯಾಬಾಯಿ ಸಂಗ್ರಹಾಲಯದ ಮುಂದೆ ಬಂದಾಗ ತಲೆ ಎತ್ತಿ ನೋಡಿದಳು. ಐದು ಮೆಟ್ಟಿಲು. ಮೇಲಿನದು ನಡುವೆ ಸವೆದಿತ್ತು. ಅವಳು ಹತ್ತಿ, ಒಳಗೆ ಹೋಗಲೋ ಬೇಡವೋ ಎಂದು ಅಲ್ಲೇ ಕೂತಳು. ಕಲ್ಲು ಬಿಸಿಲಿಗೆ ಕಾದಿತ್ತು.

ಬಾಗಿಲಲ್ಲಿ ಟಿಕೆಟ್ಟಿನವನು ಯಾರನ್ನೋ ತಡೆಯುತ್ತಿದ್ದ.

"ಕೋಳಿ ಒಳಗ ಬಿಡಾಂಗಿಲ್ಲಬೇ ಯವ್ವಾ."

"ಕಾಲು ಕಟ್ಟೀನಲ್ಲಪಾ."

"ಕಟ್ಟಿದ್ರೂ ಬಿಡಾಂಗಿಲ್ಲ."

ಸಂತೆಯಿಂದ ಬಂದಂತಿದ್ದ ಹೆಂಗಸು ಕಂಕುಳಲ್ಲಿ ಕೆಂಪು ಕೋಳಿ ಅವುಚಿಕೊಂಡು ಮೆಟ್ಟಿಲಿಳಿಯತೊಡಗಿದಳು. ವಿಜಯಾಬಾಯಿಯನ್ನು ನೋಡಿ ನಿಂತು ಕೇಳಿದಳು:

"ಒಳಗ ಏನದರಿ, ನೋಡೂವಂಥಾದ್ದು?"

ಹತ್ತು ವರ್ಷದ ಹಿಂದಿನ ಉಪನ್ಯಾಸವೆಲ್ಲ ಒಮ್ಮೆಲೇ ವಿಜಯಾಬಾಯಿಯ ನಾಲಿಗೆಗೆ ಬಂತು. ನುಂಗಿಕೊಂಡಳು.

"ನೀರಿನ ಮಡಕಿ ಹತ್ರ ಕೈ ಮುರದಾಕಿ ಒಬ್ಬಾಕಿ ನಿಂತಾಳ. ಆಕಿ ಕೈಯಾಗ ಏನಿತ್ತಂತ ನೋಡಿ ಬರ್ರಿ. ಬಂದು ನನಗ ಹೇಳ್ರಿ."

"ಇದನ್ನೇನು ಮಾಡ್ಲಿ?"

"ನನ್ನ ಕಡಿ ಕೊಡ್ರಿ."

ಹೆಂಗಸು ಅವಳ ಕುಂಕುಮ, ಒಂಬತ್ತು ಗಜದ ಸೀರೆ ನೋಡಿ ಅನುಮಾನಿಸಿದಳು. "ನೀವು ಮುಟ್ಟತೀರೇನ್ರಿ?"

ವಿಜಯಾಬಾಯಿ ಕೈ ಚಾಚಿದಳು. ಹೆಂಗಸು ಕೋಳಿಯನ್ನು ಅವಳ ಮಡಿಲಲ್ಲಿಟ್ಟು, ಎರಡೂ ರೆಕ್ಕೆ ಸೇರಿಸಿ ಹಿಡಿಯುವುದು ಹೇಗೆಂದು ತೋರಿಸಿ, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು. "ಹೂವು ರೀ," ಎಂದಳು.

"ಎಡಗಾಲ ನೋಡಿದ್ರೇನು?"

ಹೆಂಗಸು ಹಣೆ ಗಂಟಿಕ್ಕಿದಳು. ತಿರುಗಿ ಮತ್ತೆ ಒಳಗೆ ಹೋದಳು.

ಮಾನ್ವಿಯ ಬಸ್ಸು ಧೂಳೆಬ್ಬಿಸುತ್ತ ಮುಂದೆಯೇ ಹಾಯ್ದು ಹೋಯಿತು. ಸದ್ದಿಗೆ ಕೋಳಿ ಬೆದರಿ ಕೊಸರಿತು. ತತ್ತಿ ಕೂಡ ಹೊಸಿಲೊಳಗೆ ಬರದ ಮನೆಯ ವಿಜಯಾಬಾಯಿ ಅದನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ಬೆರಳಿನ ಕೆಳಗೆ ಅದರ ಗುಂಡಿಗೆ ಬಡಬಡ ಹೊಡೆದುಕೊಳ್ಳುತ್ತಿತ್ತು. ಅವಳು ಬಾಗಿಲ ಕಡೆಗೆ ಕತ್ತು ಉದ್ದ ಮಾಡಿ ನೋಡಿದಳು.