ಅಂಚಿನಲ್ಲಿ ಹರಿದ ಗಟ್

ನಾನು ಒಂದು ಬ್ಯಾಡ್ಮಿಂಟನ್ ರಾಕೆಟ್. ಕಡಲಾಚೆಯ ಯಾವುದೋ ಕಾರ್ಖಾನೆಯಲ್ಲಿ ಕರೀ ನೂಲಿನ ಹಾಳೆಗಳನ್ನು ಅಚ್ಚಿನೊಳಗೆ ಸುತ್ತಿ, ಬಿಸಿಯಲ್ಲಿ ಬೇಯಿಸಿ ನನ್ನನ್ನು ತೆಗೆದರಂತೆ. ಹುಟ್ಟಿದ ದಿನ ಯಾರಿಗೆ ನೆನಪಿರುತ್ತದೆ? ನನ್ನ ನೆನಪು ಶುರುವಾಗುವುದು ಹುಬ್ಬಳ್ಳಿಯಲ್ಲಿ, ಪಾಂಡುರಂಗ ಮಾಮಾನ ಅಂಗಡಿಯಲ್ಲಿ. ಅವನು ನನ್ನ ಬರಿದಾದ ಮುಖಕ್ಕೆ ದಾರ ಬಿಗಿದ. ಆ ದಾರಕ್ಕೆ ಆಟಗಾರರು ಗಟ್ ಎನ್ನುತ್ತಾರೆ. ಬಿಗಿದ ಮೇಲೆ ಬೆರಳಿನಿಂದ ಮೀಟಿ ನೋಡಿದ. ನಾನು ಮೊದಲ ಸಲ ದನಿ ತೆಗೆದದ್ದು ಆಗ.

"ತಗೋ ತಂಗಿ, ದನಿ ಚಲೋ ಐತಿ. ಬೈಯಾಕ ಮಾತ್ರ ಬರೂದಿಲ್ಲ ಇದಕ್ಕ" ಎಂದು ನೀಲಾಂಬಿಕೆಯ ಕೈಗಿಟ್ಟ.

"ಬೈಯಾಕ ಜಬೀನ್ ಅದಾಳಲ್ಲ ಮಾಮಾ" ಅಂದಳು ನೀಲಾ. ಬಾಗಿಲಲ್ಲಿ ನಿಂತಿದ್ದ ಜಬೀನ್ ನಕ್ಕಳು.

ಇಬ್ಬರೂ ಡಬಲ್ಸ್ ಜೋಡಿ. ಹನ್ನೆರಡನೆಯ ವಯಸ್ಸಿನಿಂದ ಒಂದೇ ಅಂಕಣ, ದೊಡ್ಡವರಾದ ಮೇಲೆ ಅದೇ ಕಸುಬು. ರೈಲು ಹತ್ತಿ ಊರೂರು ತಿರುಗಿ ಆಡುತ್ತಿದ್ದರು. ಜಬೀನಳ ಚಪಾತಿ, ನೀಲಾಳ ಶೇಂಗಾ ಚಟ್ನಿ. ಮೇಲಿನ ಬರ್ತ್ ಯಾರಿಗೆ ಎಂಬ ಜಗಳ ನಾನು ಚೀಲದೊಳಗೆ ಮಲಗಿ ಎಷ್ಟು ಸಲ ಕೇಳಿದ್ದೇನೋ.

ಡಬಲ್ಸ್ ಆಡುವವರಲ್ಲಿ ಒಂದು ಕಟ್ಟಳೆ ಇದೆ. ಇಬ್ಬರ ನಡುವೆ ಶಟಲ್ ಬಂದರೆ, ಹೊಡೆಯುವವಳು "ನಂದು" ಎಂದು ಕೂಗಬೇಕು. ಇನ್ನೊಬ್ಬಳು ಮರುಮಾತಿಲ್ಲದೆ ಸರಿಯಬೇಕು. ಜೋಡಿ ನಿಲ್ಲುವುದೇ ಆ ಒಂದು ಮಾತಿನ ಮೇಲೆ. ನೀಲಾ "ನಂದು" ಅಂದರೆ ಸಾಕು, ಜಬೀನ್ ತಿರುಗಿಯೂ ನೋಡುತ್ತಿರಲಿಲ್ಲ.

ನಾನು ನೀಲಾಳ ಕೈಸೇರಿದ ನಾಲ್ಕನೆಯ ವರ್ಷ ಏನೋ ಕೆಟ್ಟಿತು. ಎಲ್ಲರಿಗಿಂತ ಮೊದಲು ತಿಳಿದದ್ದು ನನಗೆ. ಎಡದಿಂದ ಬಂದ ಶಟಲ್ ನನ್ನ ಮುಖದ ನಡುವೆ ಬೀಳುವುದು ಬಿಟ್ಟು ಅಂಚಿಗೆ ಬಡಿಯತೊಡಗಿತು. ನಡುವೆ ಬಡಿದರೆ ಸುಖ; ಅಂಚಿಗೆ ಬಡಿದರೆ ಹಿಡಿಯವರೆಗೂ ಜುಮ್ಮೆನ್ನುತ್ತದೆ. ಗಟ್ ಕೂಡ ಅಲ್ಲೇ ಹರಿಯತೊಡಗಿತು.

"ನಡು ಬಿಟ್ಟು ಅಂಚಿಗೇ ಹರೀತಾವಲ್ಲ ತಂಗಿ" ಅಂದ ಪಾಂಡುರಂಗ. "ನಿದ್ದಿಗಣ್ಣಾಗ ಆಡ್ತಿಯೇನ?"

"ನೀ ಸುಮಾರ ಗಟ್ ಹಾಕಿ ನನ್ನ ಬೈತೀಯೇನ ಮಾಮಾ?"

ಅವನು ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. ಮತ್ತೆ ಆ ಮಾತು ಎತ್ತಲಿಲ್ಲ.

ಕಣ್ಣಿನ ಡಾಕ್ಟರ ಹತ್ತಿರ ಹೋದಾಗಲೂ ನಾನು ಅವಳ ಹೆಗಲ ಮೇಲಿದ್ದೆ. ಎಡಗಣ್ಣಿನ ನೋಟ ಅಂಚಿನಿಂದ ಹೋಗುತ್ತಿದೆ, ಹೋದದ್ದು ಮರಳುವುದಿಲ್ಲ ಎಂದರು ಅವರು. ಹೊರಗೆ ಮೆಟ್ಟಿಲ ಮೇಲೆ ಕುಳಿತು ನೀಲಾ ನನ್ನ ಹಿಡಿಗೆ ಸುತ್ತಿದ ಪಟ್ಟಿಯನ್ನು ಬಿಚ್ಚುತ್ತಾ, ಮತ್ತೆ ಸುತ್ತುತ್ತಾ ಇದ್ದಳು. ಆ ಸಲದ ಪಂದ್ಯಾವಳಿಯಲ್ಲಿ ಫೈನಲ್ ಮುಟ್ಟಿದ ಜೋಡಿಗಳಿಗೆ ದೇಶದ ತಂಡದ ಶಿಬಿರದಲ್ಲಿ ಜಾಗವಿತ್ತು.

"ಇದೊಂದ ಮುಗೀಲಿ. ಆಮ್ಯಾಲೆ ಜಬೀನ್‌ಗ ಹೇಳ್ತೀನಿ" ಎಂದು ತನಗೆ ತಾನೇ ಹೇಳಿಕೊಂಡಳು. ಆ ಮಾತು ಹೊಟ್ಟೆಯಲ್ಲೇ ಉಳಿಯಿತು.

ಸೆಮಿಫೈನಲ್ ದಿನ ನೀಲಾ ಹೊಸ ರಾಕೆಟ್ ಹಿಡಿದು ಇಳಿದಳು. ನಾನು ಚೀಲದಲ್ಲಿದ್ದೆ. ಮೂರನೆಯ ಗೇಮಿನಲ್ಲಿ ಜಬೀನಳ ಎರಡನೆಯ ರಾಕೆಟ್ಟಿನ ಗಟ್ಟೂ ಹರಿಯಿತು. ಓಡಿ ಬಂದು ನೀಲಾಳ ಚೀಲಕ್ಕೆ ಕೈಹಾಕಿ ನನ್ನನ್ನು ಎಳೆದುಕೊಂಡಳು. ಎಳೆದವಳು ನಿಂತಳು. ನನ್ನ ಗಟ್ ನಡುವೆ ಹೊಸದರಂತೆಯೇ ಇತ್ತು; ಅಂಚಿನಲ್ಲಿ ನೂಲು ನೂಲು ಎದ್ದಿತ್ತು. ಆಡುವವಳಿಗೆ ಅದನ್ನು ಬಿಡಿಸಿ ಹೇಳಬೇಕೆ? ಹೆಬ್ಬೆರಳಿನಿಂದ ಅಂಚನ್ನು ಒಮ್ಮೆ ಸವರಿದಳು; ಎಡಕ್ಕೆ ನೀಲಾ ತಪ್ಪಿಸಿಕೊಂಡ ಶಟಲ್‌ಗಳೆಲ್ಲ ಆಗ ನೆನಪಾದವೇನೋ.

"ಯಾವಾಗಿಂದ?"

ನೀಲಾ ಟವೆಲಿನಲ್ಲಿ ಮುಖ ಮುಚ್ಚಿಕೊಂಡಳು. "ಆಡೂಣ ನಡಿ."

"ಎಡಕ್ಕ ಬಂದದ್ದೆಲ್ಲಾ ನಂದು" ಅಂದಳು ಜಬೀನ್. "ನೀ ಮುಂದ ನಿಲ್ಲು. ಹಿಂದ ನೋಡಬ್ಯಾಡ."

ಅಲ್ಲಿಂದ ಅವಳು ಒಂದೂವರೆ ಜನರ ಅಂಕಣ ಆಡಿದಳು. ಎಡಕ್ಕೆ, ಹಿಂದಕ್ಕೆ, ಮತ್ತೆ ಎಡಕ್ಕೆ. ಎದುರಾಳಿಗಳಿಗೂ ಗುಟ್ಟು ಸಿಕ್ಕಿತು. ಬೇಕೆಂದೇ ಆ ಮೂಲೆಗೆ ಹಾಕತೊಡಗಿದರು. ಹತ್ತೊಂಬತ್ತು ಸಮ. ಶಟಲ್ ಎಡಮೂಲೆಗೆ ಎತ್ತರವಾಗಿ ಹೋಯಿತು. "ನಂದು" ಎಂದು ಜಬೀನ್ ಹಿಂದಕ್ಕೆ ಚಿಮ್ಮಿದಳು. ಪಟ್ ಎಂಬ ಸದ್ದಾಯಿತು. ನನ್ನ ಗಟ್ ಹರಿಯಿತು ಅಂದುಕೊಂಡೆ.

ನನ್ನ ಗಟ್ ನೆಟ್ಟಗಿತ್ತು. ಹರಿದದ್ದು ಅವಳ ಹಿಮ್ಮಡಿಯ ಸ್ನಾಯು.

ಪಂದ್ಯ ಅಲ್ಲಿಗೇ ಮುಗಿಯಿತು. ಎತ್ತಿಕೊಂಡು ಹೋಗುವಾಗಲೂ ಜಬೀನ್ ನನ್ನನ್ನು ಬಿಟ್ಟಿರಲಿಲ್ಲ. ಹಾಗೆ ನಾನು ಅವಳ ಮನೆ ಸೇರಿದೆ. ಆಪರೇಷನ್ ಆಯಿತು. ನಡೆಯಲು ಬಂತು, ಚಿಮ್ಮಲು ಬರಲಿಲ್ಲ. ನೀಲಾಳೂ ಮತ್ತೆ ಅಂಕಣಕ್ಕಿಳಿಯಲಿಲ್ಲ. ಜಬೀನಳ ಹೊಲಿಗೆ ಯಂತ್ರದ ಹಿಂದಿನ ಗೋಡೆಯ ಮೊಳೆ ನನ್ನ ಜಾಗವಾಯಿತು.

ಮೂರು ವರ್ಷದ ಮೇಲೆ ಒಂದು ಮಧ್ಯಾಹ್ನ ನೀಲಾ ಬಂದಳು. ಬಾಗಿಲ ಎಡ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಒಳಗೆ ಬಂದು ಕುಳಿತಳು.

"ಒಂದ ಮಾತು ಹೇಳಿದ್ರ ಸಾಕಿತ್ತು" ಅಂದಳು ಜಬೀನ್.

"ಹೇಳಿದ್ರ ನೀ ಬ್ಯಾರೆ ಜೋಡಿ ನೋಡ್ತಿದ್ದಿ."

ಜಬೀನ್ ಯಂತ್ರದ ಮೇಲಿನ ಬಟ್ಟೆ ಮಡಚಿಟ್ಟಳು. "ನೋಡ್ತಿದ್ದೆ. ನೋಡ್ತೀನಿ ಅಂತ ಗೊತ್ತಿದ್ದೂ ಹೇಳಬೇಕಿತ್ತು ನೀ."

ಚಹಾ ತಂದು ನೀಲಾಳ ಎಡಕ್ಕೆ ಇಟ್ಟಳು. ಇಟ್ಟವಳು ನೆನಪಾಗಿ ಬಲಕ್ಕೆ ಸರಿಸಿದಳು. ನೀಲಾ ಹೊರಡುವಾಗ ಜಬೀನ್ ನನ್ನನ್ನು ಮೊಳೆಯಿಂದ ಇಳಿಸಿ, "ಒಯ್ಯಿ, ನಿಂದು" ಅಂದಳು.

"ನಂದು ಅನ್ನೂ ಬಾಯಿ ಉಳಿದಿಲ್ಲ ನಂಗ" ಎಂದು ನೀಲಾ ಚಪ್ಪಲಿ ಮೆಟ್ಟಿದಳು. ನಾನು ಮತ್ತೆ ಮೊಳೆಗೆ ಸೇರಿದೆ.

ಆಡದ ರಾಕೆಟ್ಟಿನ ಗಟ್ ಕತ್ತರಿಸಿ ಇಡಬೇಕು. ಇಲ್ಲದಿದ್ದರೆ ಒಳಗಿನ ಬಿಗಿತಕ್ಕೇ ಚೌಕಟ್ಟು ಸೊಟ್ಟಗಾಗುತ್ತದೆ. ಇದು ಇಬ್ಬರಿಗೂ ಗೊತ್ತು. ಕತ್ತರಿ ಹೊಲಿಗೆ ಯಂತ್ರದ ಮೇಲೆಯೇ ಇದೆ. ಯಾರೂ ಮುಟ್ಟಿಲ್ಲ. ದಿನಕ್ಕೆ ಕೂದಲೆಳೆಯಷ್ಟು ನಾನು ಎಡಕ್ಕೆ ವಾಲುತ್ತಿದ್ದೇನೆ.