ಹನ್ನೆರಡನೆಯ ಕ್ಯಾಮೆರಾ

ಹೆಸರು ಕೊರೆಯುವವನ ಅಂಗಡಿಯ ಮೆಟ್ಟಿಲು ಹತ್ತಿ ಹಾಗೇ ಇಳಿದು ಬಂದದ್ದು ಅವಳಿಗೆ ಇದು ಮೂರನೆಯ ಸಲ. ಬಹುಮಾನದ ಕಪ್ಪುಗಳಿಗೆ, ಪೆನ್ನುಗಳಿಗೆ, ಬಾಗಿಲಿನ ಹಿತ್ತಾಳೆ ಫಲಕಗಳಿಗೆ ಹೆಸರು ಕೊರೆದು ಹೊಟ್ಟೆ ಹೊರೆಯುವ ಮನುಷ್ಯ ಅವನು. ಅವಳ ಕ್ಯಾಮೆರಾವನ್ನು ತಿರುಗಿಸಿ ತಳ ನೋಡಿ, "ಜಾಗ ಚೆನ್ನಾಗಿದೆ. ಆದ್ರೆ ಒಂದ್ಸಲ ಸೂಜಿ ಇಳಿದ್ರೆ ಮುಗೀತಮ್ಮ, ದೇವರೇ ಬಂದ್ರೂ ಅಳಿಸಕ್ಕಾಗಲ್ಲ" ಎಂದಿದ್ದ. ತನ್ನ ಕೆಲಸದ ಗಟ್ಟಿತನ ಹೇಳಲು ಆಡಿದ ಮಾತು. ಅವಳು ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು "ನಾಳೆ ಬರ್ತೀನಿ" ಎಂದು ಕಾಲ್ತೆಗೆದಿದ್ದಳು.

ಅವನಿಗೇನು ಗೊತ್ತು, ಅಳಿಸಲು ಬರುವಂತೆ ಬರೆಯುವುದೇ ಅವಳ ಉದ್ಯೋಗವೆಂದು! ಅವಳು ಕೆಲಸ ಮಾಡುವುದು ಹಳೆಯ ವಸ್ತುಗಳ ಸಂಗ್ರಹಾಲಯದಲ್ಲಿ. ಬಂದ ವಸ್ತುವಿನ ಕಣ್ಣಿಗೆ ಬೀಳದ ಮೂಲೆಯಲ್ಲಿ ಮೊದಲು ತೆಳ್ಳಗೆ ವಾರ್ನಿಷ್ ಹಚ್ಚಬೇಕು. ಅದು ಒಣಗಿದ ಮೇಲೆ ಸಾಸಿವೆ ಗಾತ್ರದ ಅಂಕಿಗಳಲ್ಲಿ ನಂಬರು ಬರೆದು, ಮೇಲೊಂದು ಪದರ ಮತ್ತೆ ಹಚ್ಚಬೇಕು. ನೂರು ವರ್ಷದ ನಂತರ ಯಾರಿಗಾದರೂ ಬೇಡವೆನಿಸಿದರೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಲ್ಲಿ ಒರೆಸಿದರೆ ಹೋಗುತ್ತದೆ, ವಸ್ತುವಿಗೆ ಒಂದು ಗೀರೂ ಉಳಿಯುವುದಿಲ್ಲ. ಸಂಜೆ ತರಗತಿಗಳಿಗೆ ಅಲೆದು ಕಲಿತ ವಿದ್ಯೆ ಇದು. ಹನ್ನೊಂದು ವರ್ಷದಿಂದ ಅದನ್ನೇ ಮಾಡುತ್ತ ಎಲ್ಲರ ಬಾಯಲ್ಲಿ ನಂಬರಕ್ಕ ಆಗಿಬಿಟ್ಟಿದ್ದಳು.

ಕ್ಯಾಮೆರಾ ಸೋದರಮಾವನದು. ಪತ್ರಿಕೆಗೆ ಫೋಟೋ ತೆಗೆಯುತ್ತ ತಲೆ ಬೆಳ್ಳಗಾದವರು. ಕೈ ನಡುಗಲು ಶುರುವಾದಾಗ, ಅಷ್ಟೂ ಜನ ಅಕ್ಕತಂಗಿಯರ ಮಕ್ಕಳಲ್ಲಿ ಇವಳನ್ನೇ ಕರೆದು ಕೈಗಿತ್ತಿದ್ದರು. "ಹೆಸರು ಕೊರೆಸ್ಕೋ. ಇಲ್ದಿದ್ರೆ ನಾಳೆ ಯಾರೋ ಎತ್ಕೊಂಡು ನಂದು ಅಂತಾನೆ" ಎಂದಿದ್ದರು. ಅಂದಿನಿಂದ ವಾರಕ್ಕೊಮ್ಮೆ ಫೋನು: "ಆಯ್ತಾ?" ಅವಳು ಏನಾದರೊಂದು ನೆವ ಹೇಳುವಳು. ಕೊರೆಸಿದರೆ ವಸ್ತು ಕೆಟ್ಟಂತೆ, ಕೊರೆಸದಿದ್ದರೆ ಮಾವನ ಮಾತು ಮೀರಿದಂತೆ. ಅಷ್ಟಕ್ಕೂ ವರ್ಷಕ್ಕೆ ಎರಡು ರೀಲು ಫೋಟೋ ತೆಗೆಯದ ತಾನು ಯಾವ ಮುಖ ಇಟ್ಟುಕೊಂಡು ಅದರ ಮೇಲೆ ಹೆಸರು ಹಾಕಿಸಿಕೊಳ್ಳಬೇಕು? ಅನ್ನ ತಿಂದರೂ ಇದೇ, ಬಸ್ಸಿನಲ್ಲಿ ಕೂತರೂ ಇದೇ.

ಸೋಮವಾರ ಮುಚ್ಚಿಹೋದ ಸ್ಟುಡಿಯೋವೊಂದರಿಂದ ಒಂದು ಮರದ ಪೆಟ್ಟಿಗೆ ಬಂತು. ಜೊತೆಗಿದ್ದ ಪತ್ರದಲ್ಲಿ "ಕ್ಯಾಮೆರಾ ಹನ್ನೆರಡು" ಎಂದಿತ್ತು. ಹುಲ್ಲಿನೊಳಗಿಂದ ಒಂದೊಂದನ್ನೇ ತೆಗೆದು ನಂಬರು ಬರೆಯುತ್ತ ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಮುಗಿಸಿದಳು. ಕೊನೆಯದು ಹುಲ್ಲಿನ ತಳದಲ್ಲಿರಬೇಕು, ಊಟವಾದ ಮೇಲೆ ತೆಗೆದರಾಯಿತು ಎಂದುಕೊಂಡಳು. ಕೈಯಲ್ಲಿ ಕುಂಚ ಇತ್ತು, ಚೀಲದಲ್ಲಿ ತನ್ನ ಕ್ಯಾಮೆರಾ ಇತ್ತು. ಥಟ್ಟನೆ ಹೊಳೆಯಿತು. ಕೊರೆಸುವುದೇ ಬೇಡ! ತಳಕ್ಕೆ ವಾರ್ನಿಷ್ ಹಚ್ಚಿ, ಸಾಸಿವೆ ಅಕ್ಷರದಲ್ಲಿ ತನ್ನ ಹೆಸರು ಬರೆದು, ಮೇಲೆ ಇನ್ನೊಂದು ಪದರ ಕೊಟ್ಟು, ಒಣಗಲೆಂದು ಮೇಜಿನ ತುದಿಯಲ್ಲಿಟ್ಟಳು. ತಿಂಗಳುಗಳ ಭಾರ ಇಳಿದಂತಾಯಿತು. ಊಟ ರುಚಿಸಿತು ಕೂಡ.

ತಿರುಗಿ ಬಂದಾಗ ಮೇಜು ಖಾಲಿ.

ಉಗ್ರಾಣ ನೋಡಿಕೊಳ್ಳುವ ಹಿರಿಯರು ಬೀಗ ಹಾಕಿ ಬರುತ್ತಿದ್ದರು. "ಎಲ್ಲಾ ಒಳಗಿಟ್ಟೆ ಕಣಮ್ಮ ನಂಬರಕ್ಕ. ಹನ್ನೆರಡಕ್ಕೆ ಹನ್ನೆರಡು. ರಿಜಿಸ್ಟರಿಗೆ ಏರಿಸಿ ಸಹಿನೂ ಹಾಕಿದೆ. ಪೆಟ್ಟಿಗೆ ಹಿತ್ತಿಲಿಗೆ ಹಾಕಿಸಿದೆ."

"ನಂಬರು ನೋಡಿದ್ರಾ?"

"ನಿನ್ನ ಅಕ್ಷರ ಓದೋಕೆ ನಂಗೇನು ಹದ್ದಿನ ಕಣ್ಣಿದ್ಯಾ? ತಳ ಮಿರಮಿರ ಅಂತಿತ್ತು. ಮಿಂಚ್ತಿದ್ರೆ ನಿನ್ನ ಕೈಯಿಂದ ದಾಟಿ ಬಂದಿದೆ ಅಂತ್ಲೇ ಲೆಕ್ಕ."

ಕೊನೆಯದನ್ನು ಅವಳಿನ್ನೂ ಪೆಟ್ಟಿಗೆಯಿಂದ ತೆಗೆದೇ ಇರಲಿಲ್ಲ. ಹಿತ್ತಿಲಿಗೆ ಓಡಿ ಪೆಟ್ಟಿಗೆಯ ಹುಲ್ಲನ್ನೆಲ್ಲ ಕೆದಕಿದಳು. ಏನೂ ಇರಲಿಲ್ಲ. ಬಂದದ್ದೇ ಹನ್ನೊಂದು. ಹನ್ನೆರಡನೆಯದು ಇವಳದೇ. ಈಗ "ಅದು ನಂದು" ಎಂದರೆ, ಮತ್ತೊಂದು ಎಲ್ಲಿ ಹೋಯಿತು ಎಂಬ ಪ್ರಶ್ನೆ ಏಳುತ್ತದೆ. ಪೆಟ್ಟಿಗೆ ಬಿಚ್ಚಿದವಳು ಯಾರು? ಇವಳೇ. ಹೇಳದಿದ್ದರೆ ಮಾವನ ಕ್ಯಾಮೆರಾ ಬೀಗದೊಳಗೇ ಉಳಿಯುತ್ತದೆ. ಒಮ್ಮೆ ರಿಜಿಸ್ಟರು ಹತ್ತಿದ್ದು ಅಲ್ಲಿಂದ ಇಳಿದದ್ದನ್ನು ಅವಳು ಕಂಡಿರಲಿಲ್ಲ.

ಮನೆಯಲ್ಲಿ ಗಂಡನಿಗೆ ಹೇಳಿದಳು. ಬಸ್ ಡಿಪೋದ ಮೆಕ್ಯಾನಿಕ್ಕು, ಯಾವುದನ್ನೂ ತಲೆಗೆ ಹಚ್ಚಿಕೊಳ್ಳುವ ಪೈಕಿಯವನಲ್ಲ. "ನಿನ್ನನ್ನೇ ಒಂದಿನ ವಾರ್ನಿಷ್ ಹೊಡೆದು ಕಪಾಟಿಗೆ ಇಟ್ಬಿಡ್ತಾರೆ ನೋಡು" ಎಂದು ನಕ್ಕ. ಅವಳ ಮುಖ ನೋಡಿ ನಗು ನುಂಗಿಕೊಂಡ. "ಹೋಗಿ ಹೇಳೇ. ನಿಂದು ತಾನೆ?"

"ನಂದು ಅನ್ನೋಕೆ ಏನಿದೆ?"

"ನಿನ್ನ ಹೆಸರಿದ್ಯಲ್ಲ."

ಬೆಳಗ್ಗೆ ಮೇಲ್ವಿಚಾರಕಿಯ ಮುಂದೆ ನಿಂತು ಅವಳು ಅದನ್ನೇ ಹೇಳಿದಳು. ಮೇಡಂ ಕೆಟ್ಟವರಲ್ಲ, ಕಾಗದದ ಮನುಷ್ಯೆ. ಉಗ್ರಾಣದವರಿಂದ ಕ್ಯಾಮೆರಾ ತರಿಸಿ, ಭೂತಗನ್ನಡಿ ಹಿಡಿದು ತಳ ಓದಿದರು.

"ಹೆಸರು ನಿಮ್ಮದೇ. ಆದ್ರೆ ಅಕ್ಷರ ನಿಮ್ಮದು, ಶಾಯಿ ನಮ್ಮದು, ವಾರ್ನಿಷ್ ನಮ್ಮದು. ಯಾವಾಗ ಬೇಕಾದ್ರೂ ಬರೆದಿರಬಹುದಲ್ವಾ? ಒರೆಸಿದ್ರೆ ಹೋಗೋ ಹೆಸರನ್ನ ನಾನು ಹೇಗೆ ನಂಬ್ಲಿ ಹೇಳಿ?"

ಅವಳ ಕಿವಿ ಬಿಸಿಯಾಯಿತು. ಅಳಿಸಲು ಬರಬೇಕು, ಅದೇ ಒಳ್ಳೆಯ ಕೆಲಸದ ಗುರುತು ಎಂದು ಹನ್ನೊಂದು ವರ್ಷ ನಂಬಿದ್ದಳು.

"ನಂಬರಕ್ಕ ಅಂಥವಳಲ್ಲ ಮೇಡಂ. ತಪ್ಪು ನಂದೂ ಇದೆ, ಓದದೆ ಎತ್ಕೊಂಡು ಹೋದೆ" ಎಂದರು ಉಗ್ರಾಣದವರು, ತಲೆ ತಗ್ಗಿಸಿ.

"ಅಂಥವಳು ಇಂಥವಳು ಅಂತ ರಿಜಿಸ್ಟರಿನಲ್ಲಿ ಬರೆಯೋಕಾಗತ್ತಾ ಸ್ವಾಮಿ?"

ಮಾವನಿಗೆ ಫೋನು ಮಾಡಿದರೆ ಆತ ಹೌದು ಎನ್ನುತ್ತಾರೆ. ಆದರೆ ಆತ ತನ್ನವರೇ. ಉಳಿದ ದಾರಿ ಒಂದೇ, ಅದೇ ಅವಳಿಗೆ ಹೆಚ್ಚು ಭಯದ್ದು. "ಕೊಟ್ಟವರನ್ನೇ ಕೇಳೋಣ ಮೇಡಂ" ಎಂದಳು. ಅವರು ಹನ್ನೆರಡನ್ನೂ ಕಳಿಸಿದ್ದೇವೆ ಎಂದುಬಿಟ್ಟರೆ ಅವಳು ಕಳ್ಳಿ. ಕ್ಯಾಮೆರಾದ ಜೊತೆ ಕೆಲಸವೂ ಹೋದಂತೆ. ಮೇಡಂ ಸ್ಪೀಕರ್ ಒತ್ತಿ ಫೋನನ್ನು ಮೇಜಿನ ಮೇಲಿಟ್ಟರು. ಆ ಕಡೆ ಗಂಟೆ ಹೊಡೆಯುತ್ತಲೇ ಇತ್ತು. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಸುತ್ತಿದಳು.

ಎತ್ತಿದ್ದು ಸ್ಟುಡಿಯೋದವರ ಮಗಳು. ಮೇಡಂ ಲೆಕ್ಕ ಕೇಳಿದರು.

"ಹನ್ನೊಂದೇ ಕಳಿಸಿದ್ದು ಮೇಡಂ. ಪತ್ರ ಮೊದ್ಲೇ ಬರೆದಿಟ್ಟಿದ್ದೆ. ಪೆಟ್ಟಿಗೆಗೆ ಮೊಳೆ ಹೊಡೆಯೋವಾಗ ಒಂದನ್ನ ಎತ್ಕೊಂಡ್ಬಿಟ್ಟೆ. ಅದ್ರ ಮೇಲೆ ಅಪ್ಪ ಹೆಸರು ಕೊರೆಸಿದ್ರು. ಮಿಕ್ಕಿದ್ದೆಲ್ಲ ಅಂಗಡಿ ಸಾಮಾನು, ಕಳಿಸೋವಾಗ ಏನೂ ಅನ್ನಿಸ್ಲಿಲ್ಲ. ಅದಕ್ಕೆ ಮಾತ್ರ ಕೈಯೇ ಬರ್ಲಿಲ್ಲ." ಆಮೇಲೆ ಅಂಜುತ್ತ ಕೇಳಿದಳು: "ವಾಪಸ್ ಕೊಡ್ಬೇಕಾ?"

"ಬೇಡಮ್ಮ, ಇಟ್ಕೊಳಿ" ಎಂದರು ಮೇಡಂ. ಫೋನಿಟ್ಟು ಕೆಂಪು ಶಾಯಿಯಲ್ಲಿ ಹನ್ನೆರಡನ್ನು ಹೊಡೆದು ಹನ್ನೊಂದು ಮಾಡಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು. ಸ್ವಂತದ ವಸ್ತುವನ್ನು ಕೆಲಸದ ಮೇಜಿಗೆ ತಂದದ್ದಕ್ಕೆ ಅವಳಿಗೊಂದು ಮೆಮೊ ಬರೆದರು. ನಂತರ ಕ್ಯಾಮೆರಾವನ್ನು ಅವಳತ್ತ ಸರಿಸಿದರು. "ನಾನು ನಿಮ್ಮನ್ನ ಅನುಮಾನಿಸ್ಲಿಲ್ಲ" ಎಂದರು. ಅವಳು ಹೂಂ ಎಂದಳು. ಅನುಮಾನಿಸಿದ್ದರೂ ತಪ್ಪೇನಿತ್ತು ಎಂದು ಬಾಗಿಲು ದಾಟುವಷ್ಟರಲ್ಲಿ ಮೇಡಂ ಪರವಾಗಿ ತಾನೇ ವಾದ ಹೂಡಿಕೊಂಡಳು.

ಸಂಜೆ ಹೆಸರು ಕೊರೆಯುವವನು ಅವಳನ್ನು ಕಂಡದ್ದೇ ನಕ್ಕ. "ಬನ್ನಿ ಬನ್ನಿ, ಇವತ್ತು ನೋಡ್ಕೊಂಡು ಹೋಗೋದಾ, ಕೊರೆಸೋದಾ?"

"ಕೊರೆಯಿರಿ."

"ತಳದಲ್ಲೇ ತಾನೆ?"

"ಬೇಡ. ಮೇಲೆ. ಕಾಣೋ ಹಾಗೆ."

ಅವನು ಹುಬ್ಬೇರಿಸಿ ಕ್ಯಾಮೆರಾವನ್ನು ಇಕ್ಕಳಕ್ಕೆ ಕಚ್ಚಿಸಿದ. ಯಂತ್ರ ಗುಂಯ್ ಎಂದಿತು. ಮೊದಲ ಅಕ್ಷರಕ್ಕೆ ಕಪ್ಪು ಬಣ್ಣ ಎದ್ದು ಹಿತ್ತಾಳೆಯ ಹಳದಿ ಕಂಡಿತು. ನಿಲ್ಲಿಸಿ ಎನ್ನಲೇ? ಒಂದಕ್ಷರಕ್ಕೆ ನಿಲ್ಲಿಸಿದರೆ ಇನ್ನೂ ಆಭಾಸ. ಆಳ ಹೆಚ್ಚಾಯಿತೇ? ಮೇಲೆ ಅಂದದ್ದು ಜಂಬವಾಯಿತೇ? ಕೌಂಟರಿನ ಮರವನ್ನು ಎರಡೂ ಕೈಯಿಂದ ಹಿಡಿದು ನಿಂತಳು.

ಅವನು ಪುಡಿ ಊದಿ, ಬಟ್ಟೆಯಲ್ಲಿ ಒರೆಸಿ ಮುಂದಿಟ್ಟ. ಅವಳು ಬಗ್ಗಿ, ಬೆಳಕಿಗೆ ವಾಲಿಸಿ, ಇನ್ನೊಂದು ಕಡೆಯಿಂದ ನೋಡಿದಳು.

"ಕೊನೇ ಅಕ್ಷರ ಒಂದು ಕೂದಲೆಳೆ ಕೆಳಗೆ ಬಂದಿದೆ" ಎಂದಳು.

"ಎಲ್ಲಿ?" ಅವನು ಕನ್ನಡಕ ಏರಿಸಿ ಬಗ್ಗಿದ. "ಹೌದಲ್ಲ! ಇಷ್ಟು ವರ್ಷದಲ್ಲಿ ಯಾರೂ ಇದನ್ನ ಹಿಡಿದಿರ್ಲಿಲ್ಲ ಕಣಮ್ಮ. ಈಗೇನು ಮಾಡೋದು?"

"ಏನೂ ಬೇಡ, ಕೊಡಿ" ಎಂದು ಅವಳು ಕ್ಯಾಮೆರಾದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಳು.