ನಡುಗೋಡೆ ಒಡೆದ ದಿನ

ನಾನು ಬೇಡ ಅಂದಿದ್ದೆ. ಸಿಂಗಸಂದ್ರದ ನಮ್ಮದು ಹಳೇ ಕಲ್ಲುಚಪ್ಪಡಿ ಮನೆ, ಚಪ್ಪಡಿಗಳ ತುದಿಯೆಲ್ಲ ನಡುಗೋಡೆ ಮೇಲೇ ಕೂತಿವೆ, ಅದನ್ನ ಮುಟ್ಬೇಡ್ರೋ ಅಂತ ಬಾಯಿ ಬಡ್ಕೊಂಡೆ. ನನ್ನ ಮಾತು ಯಾರಿಗೆ ಬೇಕು? ನನ್ನದು, ಇಬ್ಬರು ಮೈದುನರದು, ಮೂರೂ ಸಂಸಾರ ಒಂದೇ ಮನೇಲಿ ಇರೋದು ಅಂತ ತೀರ್ಮಾನ ಆಗಿತ್ತು. ಹನ್ನೊಂದು ಜನ ಒಟ್ಟಿಗೆ ಕೂತು ಉಣ್ಣೋ ಹಾಲ್ ಬೇಕು ಅಂತ ಮೈದುನ ನಂದೀಶ ಮೊಬೈಲಲ್ಲಿ ಫೋಟೋ ತೋರಿಸಿ ತೋರಿಸಿ ಎಲ್ಲರ ತಲೆ ತಿಂದಿದ್ದ.

ನಮ್ಮಲ್ಲೊಂದು ಪದ್ಧತಿ. ಮನೆಗೆ ಹಾರೆ ಹಾಕೋ ದಿನ ದೇವರ ಮುಂದೆ ಹಚ್ಚಿದ ದೀಪ ಎಣ್ಣೆ ತೀರಿ ತಾನಾಗೇ ಶಾಂತವಾಗೋವರೆಗೂ ಹಿರಿಯರು ಅದರ ಮುಂದಿಂದ ಏಳಬಾರದು. ಮಾವ ಊರಲ್ಲಿರಲಿಲ್ಲ ಅಂತ ಅತ್ತೆ ಪಿಳ್ಳಮ್ಮ ಒಬ್ಬರೇ ಬೆಳಿಗ್ಗೇನೇ ಒಳಕೋಣೇಲಿ ದೀಪ ಹಚ್ಚಿ ಕೂತಿದ್ರು. ಮುಹೂರ್ತ ಮೀರುತ್ತೆ ಅಂತ, ಅವರನ್ನ ಅಲ್ಲೇ ಕೂರಿಸ್ಕೊಂಡೇ ಕೆಲಸ ಶುರು ಮಾಡಿದ್ರು ಪುಣ್ಯಾತ್ಮರು.

ನಾನಂತೂ ಆ ದೀಪದ ಹತ್ತಿರ ಸುಳಿಯೋ ಹಾಗಿಲ್ಲ. ಗಂಡ ಹೋಗಿ ಒಂಬತ್ತು ವರ್ಷ. ಅವತ್ತಿಂದ ಬತ್ತಿ ಹೊಸೆಯೋದು ನಾನು, ಹಚ್ಚೋದು ಬೇರೆಯವರು. ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ.

ಹನ್ನೊಂದು ಗಂಟೆ ಇರ್ಬೇಕು. ಮೇಸ್ತ್ರಿ ಬಸು ನಡುಗೋಡೆ ಅರ್ಧ ಕಿತ್ತು, ಚಪ್ಪಡಿ ಬೀಳದ ಹಾಗೆ ಅಡಿಗೆ ಜಾಕಿ ಕೊಟ್ಟಿದ್ದ. ಮೇಲೆ ಟಕ್ ಅಂತು. ಅತ್ತೆ ತಲೆ ಮೇಲೆ ಸುಣ್ಣದ ಪುಡಿ ಉದುರ್ತು.

"ಎಲ್ಲಾರೂ ಹೊರಗ ನಡೀರಿ! ಜಾಕಿ ಜಾರಾಕತ್ತೈತಿ!" ಅಂತ ಬಸು ಕೂಗ್ದ.

ಎಲ್ಲರೂ ಬೀದಿಗೆ ಓಡಿಬಂದ್ವಿ. ಅತ್ತೆ ಬರ್ಲಿಲ್ಲ.

"ಅಮ್ಮಾ, ಬಾರಮ್ಮ!" ನಂದೀಶ ಬಾಗಿಲಲ್ಲಿ ನಿಂತು ಅಳ್ತಿದ್ದ.

"ದೀಪ ಉರೀತಾ ಐತೆ ಕಣೋ, ಎಂಗೋ ಬರ್ಲಿ? ನಾ ಎದ್ರೆ ನೀವು ಈ ಮನೇಲಿ ಒಟ್ಟಿಗೆ ಬಾಳಾಕಿಲ್ಲ."

ಎತ್ಕೊಂಡು ಬರೋಣ ಅಂತ ಅವನು ಒಳಗೆ ಹೋದ್ರೆ, ಅತ್ತೆ ಕಿಟಕಿ ಸರಳು ಗಟ್ಟಿಯಾಗಿ ಹಿಡ್ಕೊಂಡುಬಿಟ್ರು. ಮತ್ತೆ ಟಕ್ ಅಂತು. ಬಸು ಅವನ ಅಂಗಿ ಹಿಡಿದು ಹೊರಗೆ ಎಳ್ದ.

ಇಪ್ಪತ್ತೆರಡು ವರ್ಷ ಜಗಳ ಆಡಿದ್ದೀನಿ ಆ ಮುದುಕಿ ಜೊತೆ, ಕಲ್ಲಡಿ ಸಾಯೋಕೆ ಬಿಡ್ತೀನಾ? ಒಳಗೆ ನುಗ್ಗಿದೆ. ಅತ್ತೇನ ಮುಟ್ಲೇ ಇಲ್ಲ. ಉರಿಯೋ ದೀಪ ಎತ್ಕೊಂಡು, ಗಾಳಿಗೆ ಇನ್ನೊಂದು ಕೈ ಅಡ್ಡ ಹಿಡಿದು ಓಡ್ದೆ.

"ಅಯ್ಯೋ ಮುಂಡೆ! ನನ್ನ ದೀಪ! ಇಡೇ ಕೆಳಗೆ!"

ಒಂಬತ್ತು ವರ್ಷ ಅತ್ತೆ ಮನಸಲ್ಲಿದ್ದ ಮಾತು ಬಾಯಿಗೆ ಬಂತು. ಬರ್ಲಿ. ಮಂಡಿನೋವು ಮರೆತು, ಬೈತಾ ಬೈತಾ ನನ್ನ ಹಿಂದೇನೇ ಬೀದಿವರೆಗೂ ಬಂದ್ರಲ್ಲ, ನನಗೆ ಅಷ್ಟು ಸಾಕಾಗಿತ್ತು.

ಆಮೇಲೆ ಚಪ್ಪಡಿ ಬಿತ್ತು. ಕಾಲಡಿ ನೆಲ ಅದುರ್ತು. ಧೂಳು ಇಳಿದಾಗ ನೋಡಿದ್ರೆ, ಅತ್ತೆ ಕೂತಿದ್ದ ಮಣೆ ಕಲ್ಲಿನಡಿ ಚೂರಾಗಿತ್ತು.

ಬಿಸಿ ಎಣ್ಣೆ ಚೆಲ್ಲಿ ನನ್ನ ಅಂಗೈ ಬೊಬ್ಬೆ ಎದ್ದಿತ್ತು. ದೀಪ ಮಾತ್ರ ಉರೀತಾನೇ ಇತ್ತು. ನಂದೀಶನ ಹೆಂಡತಿ ಆಶಾರಾಣಿ, "ಕೊಡಿ ಅಕ್ಕ, ನಾನು ಹಿಡ್ಕೋತೀನಿ" ಅಂತ ಕೈ ಚಾಚಿದ್ಲು.

ಅತ್ತೆ ಅವಳ ಕೈ ಸರಿಸಿದ್ರು.

"ಚನ್ನಕ್ಕನ ಕೈಲೇ ಇರ್ಲಿ ಬಿಡು. ಹಿರಿಯರಲ್ವೇನೇ ಕೂರಬೇಕಾದ್ದು?"

ಹಾಗಂದು ನನ್ನನ್ನ ಬೀದಿ ಮಣ್ಣಲ್ಲೇ ಕೂರಿಸಿ, ಪಕ್ಕದಲ್ಲಿ ತಾವೂ ಕುಕ್ಕರಿಸಿದ್ರು. ಎಣ್ಣೆ ತೀರೋವರೆಗೂ ನಾನು ಏಳಲಿಲ್ಲ.